ದುಡ್ಡು ಹೋಗುವುದು ಅವಸರಕ್ಕೆ: ಪುಟ್ಟ ಮಕ್ಕಳಿರುವ ಮನೆಯನ್ನು ಮಿತವಾಗಿ ನಡೆಸುವ ಬಗೆ

ಪುಟ್ಟ ಮಕ್ಕಳಿರುವ ಮನೆಯ ಖರ್ಚನ್ನು ಕೂತು ನೋಡಿದರೆ ಒಂದು ವಿಷಯ ಬೇಗ ಕಣ್ಣಿಗೆ ಬೀಳುತ್ತದೆ. ದುಬಾರಿ ಸಾಮಾನಿಗೆ ಹೋಗುವ ದುಡ್ಡಿಗಿಂತ ಅವಸರಕ್ಕೆ ಹೋಗುವ ದುಡ್ಡೇ ಜಾಸ್ತಿ. ಸಂಜೆ ಹೊತ್ತಿಗೆ ಮಗು ಹಸಿದು ರಂಪ ಮಾಡುತ್ತಿರುತ್ತದೆ, ಒಲೆ ಹಚ್ಚುವಷ್ಟು ತ್ರಾಣ ಯಾರಿಗೂ ಇರುವುದಿಲ್ಲ, ಊಟ ಹೊರಗಿನಿಂದ ಬರುತ್ತದೆ. ಮನೆಯಲ್ಲೇ ಎಲ್ಲೋ ಇರುವ ಟೋಪಿ ಹೊರಡುವ ಹೊತ್ತಿಗೆ ಸಿಗುವುದಿಲ್ಲ, ಇನ್ನೊಂದು ಟೋಪಿ ಕೊಳ್ಳುತ್ತೇವೆ. ಅಂಗಡಿಯಲ್ಲಿ ಹಠ ನಿಲ್ಲಿಸಲು ಕೈಗೆ ಸಿಕ್ಕಿದ್ದನ್ನು ಕೊಡಿಸುತ್ತೇವೆ.

ಹಾಗಾಗಿ ಅಗ್ಗದ ಸಾಮಾನು ಹುಡುಕುತ್ತಾ ಅಲೆಯುವುದರಿಂದ ಅಂಥ ಲಾಭ ಏನೂ ಇಲ್ಲ. ಅವಸರ ಹುಟ್ಟುವ ಜಾಗಗಳನ್ನು ಒಂದೊಂದಾಗಿ ಸರಿಮಾಡಿದರೆ ಉಳಿತಾಯ ತಾನಾಗಿ ಬರುತ್ತದೆ. ಕೆಳಗಿನದೆಲ್ಲ ಅದಕ್ಕೇ. ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ. ಮನೆಯಲ್ಲಿ ಮಗು ಇರುವಾಗ ಒಂದು ಸಲಕ್ಕೆ ಒಂದು ಬದಲಾವಣೆಯೇ ಹೆಚ್ಚು.

ಹೆಜ್ಜೆ 1: ಒಂದು ವಾರ ಬರೆದಿಡಿ, ಕಾರಣದ ಸಮೇತ

ಅಡುಗೆಮನೆಯ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ಪಕ್ಕದಲ್ಲಿ ಪೆನ್ನು ಕಟ್ಟಿ. ಏನು ಕೊಂಡರೂ ಅದರ ಹೆಸರು ಬರೆದು ಮುಂದೆ ಒಂದೇ ಪದದಲ್ಲಿ ಕಾರಣ ಹಾಕಿ: ಬೇಕಿತ್ತು, ಸಿಗಲಿಲ್ಲ, ಸುಸ್ತು, ಹಠ. ಮೊತ್ತ ಬರೆಯದಿದ್ದರೂ ನಡೆಯುತ್ತದೆ. ಕಾರಣ ಮಾತ್ರ ಬಿಡಬೇಡಿ.

ವಾರದ ಕೊನೆಯಲ್ಲಿ ಯಾವ ಪದ ಜಾಸ್ತಿ ಬಂದಿದೆ ನೋಡಿ. ‘ಸಿಗಲಿಲ್ಲ’ ಜಾಸ್ತಿ ಇದ್ದರೆ ಮನೆಯಲ್ಲಿ ಸಾಮಾನು ಹೆಚ್ಚಾಗಿದೆ, ಅಥವಾ ಅದಕ್ಕೊಂದು ಜಾಗ ಇಲ್ಲ. ‘ಸುಸ್ತು’ ಜಾಸ್ತಿ ಇದ್ದರೆ ಅಡುಗೆಮನೆಯಿಂದ ಶುರು ಮಾಡಿ. ‘ಹಠ’ ಆದರೆ ಪರಿಹಾರ ಸುಲಭ. ಮಗುವಿಗೆ ಹೊಟ್ಟೆ ತುಂಬಿದ ಮೇಲೆ, ನಿದ್ದೆ ಆದ ಮೇಲೆ ಅಂಗಡಿಗೆ ಹೋಗಿ. ಆಗದಿದ್ದರೆ ಮಗುವನ್ನು ಬಿಟ್ಟು ಹೋಗಿ.

ನಿದ್ದೆಯ ಮಾತು ಬಂತಲ್ಲ, ಇಲ್ಲೇ ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯ ಪ್ರಕಾರ 1-2 ವರ್ಷದ ಮಕ್ಕಳಿಗೆ ಹಗಲು ನಿದ್ದೆ ಸೇರಿ 11ರಿಂದ 14 ಗಂಟೆ, 3-4 ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟ ಮಗುವಿನ ಜೊತೆ ಮಿತವ್ಯಯದ ಯಾವ ಪಾಠವೂ ನಡೆಯುವುದಿಲ್ಲ.

ಹೆಜ್ಜೆ 2: ಅಡುಗೆಮನೆ

ಇಲ್ಲೇ ಹೆಚ್ಚು ಉಳಿಸಬಹುದು, ಆದ್ದರಿಂದ ಇಲ್ಲೇ ಸ್ವಲ್ಪ ಹೊತ್ತು ನಿಲ್ಲೋಣ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಲೆಕ್ಕದಂತೆ 2022ರಲ್ಲಿ ಜಗತ್ತಿನಲ್ಲಿ ಅಂಗಡಿ, ಹೋಟೆಲು, ಮನೆಗಳೆಲ್ಲ ಸೇರಿ 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ಶೇಕಡಾ 60ರಷ್ಟು ಹೋದದ್ದು ಮನೆಗಳಿಂದಲೇ.

ವಾರದ ಅಡುಗೆಯ ಪಟ್ಟಿ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ಏಳು ದಿನಕ್ಕೂ ಪಟ್ಟಿ ಮಾಡಿದರೆ ಮೂರನೇ ದಿನಕ್ಕೆ ಅದು ಮುರಿದುಬೀಳುತ್ತದೆ, ಒಂದು ಜ್ವರ ಸಾಕು. ನಾಲ್ಕು ದಿನಕ್ಕೆ ಮಾತ್ರ ಬರೆಯಿರಿ. ಒಂದು ದಿನ ಉಳಿದದ್ದನ್ನು ಮುಗಿಸಲು ಬಿಡಿ. ಇನ್ನೆರಡು ದಿನಕ್ಕೆ ‘ಸುಸ್ತಿನ ಅಡುಗೆ’ ಇಟ್ಟುಕೊಳ್ಳಿ, ಅಂದರೆ ಕಣ್ಣು ಮುಚ್ಚಿ ಮಾಡಬಹುದಾದ, ಹದಿನೈದು ನಿಮಿಷದಲ್ಲಿ ಮುಗಿಯುವ, ಮಗುವೂ ತಿನ್ನುವ ಒಂದೆರಡು ಅಡುಗೆ. ಅದಕ್ಕೆ ಬೇಕಾದ ಸಾಮಾನು ಮನೆಯಲ್ಲಿ ಯಾವತ್ತೂ ಇರಲಿ. ಹೊರಗಿನ ಊಟವನ್ನು ತಡೆಯುವುದು ಇದೊಂದೇ.

ಪಟ್ಟಿ ಬರೆಯುವ ಮೊದಲು ಫ್ರಿಜ್ ತೆರೆದು ನೋಡಿ. ಏನಿದೆ ಅಂತ ನೋಡಿ ಏನು ಮಾಡೋಣ ಅಂತ ಯೋಚಿಸಿದರೆ ಕೊಳ್ಳುವ ಚೀಟಿ ಅರ್ಧಕ್ಕೆ ಇಳಿಯುತ್ತದೆ. ಬೇಗ ಮುಗಿಸಬೇಕಾದ್ದನ್ನೆಲ್ಲ ಒಂದು ತಟ್ಟೆಯಲ್ಲಿ ಹಾಕಿ ಫ್ರಿಜ್‌ನ ಮುಂಭಾಗದಲ್ಲಿ, ಕಣ್ಣಿನ ಮಟ್ಟಕ್ಕೆ ಇಡಿ. ಹಿಂದೆ ಹೋದದ್ದು ಮರೆತುಹೋಯಿತು ಅಂತಲೇ ಲೆಕ್ಕ.

ಉಳಿದ ಅಡುಗೆಯ ವಿಷಯದಲ್ಲಿ ಉಳಿತಾಯಕ್ಕೂ ಒಂದು ಮಿತಿ ಇದೆ. ಬೇಯಿಸಿದ್ದನ್ನು 2 ಗಂಟೆಗಿಂತ ಹೆಚ್ಚು ಹೊರಗೆ ಬಿಡಬಾರದು. ಫ್ರಿಜ್ 5 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರಬೇಕು. ಮತ್ತೆ ಬಿಸಿ ಮಾಡುವಾಗ ಮಧ್ಯಭಾಗವೂ 70 ಡಿಗ್ರಿ ಮುಟ್ಟಬೇಕು, ಅಂದರೆ ಹಬೆಯಾಡುವಷ್ಟು ಬಿಸಿ. ಅನ್ನದ ಬಗ್ಗೆ ಇನ್ನೂ ಜಾಗ್ರತೆ ಬೇಕು. ಅಕ್ಕಿಯಲ್ಲಿರುವ ಒಂದು ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನವನ್ನು ಹೊರಗೆ ಬಿಟ್ಟರೆ ಅವು ಬೆಳೆದು ವಿಷ ಮಾಡುತ್ತವೆ, ಮತ್ತೆ ಕಾಯಿಸಿದರೂ ಆ ವಿಷ ಹೋಗುವುದಿಲ್ಲ. ದೊಡ್ಡ ಪಾತ್ರೆಯಲ್ಲಿ ಹಾಗೇ ಬಿಡದೆ ಅಗಲ ತಟ್ಟೆಗೆ ಹರಡಿದರೆ ಬೇಗ ಆರುತ್ತದೆ, ಬೇಗ ಒಳಗಿಡಬಹುದು.

ಪುಟ್ಟ ಮಕ್ಕಳಿಗೆ ಬೇರೆ ಅಡುಗೆ ಬೇಕಿಲ್ಲ. 6 ತಿಂಗಳು ತುಂಬಿದ ಮೇಲೆ ಮಗು ಮೇಲಾಹಾರ ಶುರು ಮಾಡಿದಾಗ, ಮನೆಯವರಿಗೆ ಮಾಡಿದ್ದರಲ್ಲೇ ಉಪ್ಪು, ಖಾರ, ಸಕ್ಕರೆ ಬೀಳುವ ಮೊದಲು ಒಂದಿಷ್ಟು ತೆಗೆದು ಮೆತ್ತಗೆ ಹಿಸುಕಿದರೆ ಸಾಕು. ಹೆಚ್ಚಾಗಿದ್ದನ್ನು ಐಸ್ ಟ್ರೇಯಲ್ಲಿ ಹಾಕಿ ಫ್ರೀಜರ್‌ನಲ್ಲಿಟ್ಟರೆ ಒಂದೊಂದು ತುಂಡೂ ಒಂದೊಂದು ತುತ್ತಿನ ಲೆಕ್ಕ. ಮಗು ಎಷ್ಟು ತಿನ್ನುತ್ತದೋ ಅಷ್ಟೇ ತೆಗೆದು ಬಿಸಿ ಮಾಡಬಹುದು. ವರ್ಷ ತುಂಬುವವರೆಗೆ ಜೇನುತುಪ್ಪ ಬೇಡವೇ ಬೇಡ, ಒಂದು ಹನಿಯೂ. ಅದರಿಂದ ಬೊಟುಲಿಸಂ ಎಂಬ ಕಾಯಿಲೆ ಬರಬಹುದು.

ಬಡಿಸುವಾಗ ದೊಡ್ಡ ಚಮಚದಲ್ಲಿ ಒಂದೆರಡು ಚಮಚ ಬಡಿಸಿ. ಕೇಳಿದರೆ ಮತ್ತೆ ಹಾಕಿ. ತಟ್ಟೆ ತುಂಬ ಹಾಕಿ, ಅರ್ಧ ಬಿಟ್ಟಾಗ ‘ಚೆಲ್ಲಬಾರದು’ ಅಂತ ಬಾಯಿಗೆ ತುರುಕುವುದು ಉಳಿತಾಯವೂ ಅಲ್ಲ, ಊಟವೂ ಅಲ್ಲ. ಹೊಸ ತರಕಾರಿಯನ್ನು ಮಗು ಉಗುಳಿದರೆ ‘ಇದಕ್ಕೆ ಇಷ್ಟ ಇಲ್ಲ’ ಅಂತ ಪಟ್ಟಿಯಿಂದ ತೆಗೆಯಬೇಡಿ. ಕೆಲವು ಮಕ್ಕಳಿಗೆ ಹತ್ತು ಹದಿನೈದು ಸಲ ಕಂಡ ಮೇಲೆ ಆ ರುಚಿ ಒಗ್ಗುತ್ತದೆ. ಪ್ರತಿ ಸಲವೂ ಉಗುರಿನಷ್ಟು ತುಂಡು ಇಟ್ಟರೆ ವ್ಯರ್ಥವಾಗುವುದೂ ಉಗುರಿನಷ್ಟೇ.

ಒಂದು ವಿಷಯದಲ್ಲಿ ಮಾತ್ರ ಕೈ ಹಿಡಿಯಬಾರದು. ಪುಡಿ ಹಾಲು ಕುಡಿಯುವ ಕೂಸಾದರೆ, ಡಬ್ಬ ಹೆಚ್ಚು ದಿನ ಬರಲಿ ಅಂತ ನೀರು ಜಾಸ್ತಿ ಹಾಕಬೇಡಿ. ಕೂಸಿನ ರಕ್ತದಲ್ಲಿ ಸೋಡಿಯಂ ಕುಸಿದು ಫಿಟ್ಸ್ ಬರುವ ಅಪಾಯ ಇದೆ. ಬಾಟಲಿಯಲ್ಲಿ ಕುಡಿದು ಬಿಟ್ಟ ಪುಡಿ ಹಾಲನ್ನು ಕುಡಿಯಲು ಶುರು ಮಾಡಿದ 1 ಗಂಟೆಯ ನಂತರ ಚೆಲ್ಲಿಬಿಡಿ. ಬೇಸರ ಆಗುತ್ತದೆ ನಿಜ. ಅದಕ್ಕೆ ಮೊದಲೇ ಸ್ವಲ್ಪ ಸ್ವಲ್ಪ ಕಲಸಿ.

ಹೆಜ್ಜೆ 3: ಬಟ್ಟೆ

ಹುಟ್ಟುವಾಗ ಸುಮಾರು 50 ಸೆಂ.ಮೀ. ಇರುವ ಕೂಸು ಮೊದಲ ವರ್ಷದಲ್ಲಿ ಹತ್ತಿರ ಹತ್ತಿರ 25 ಸೆಂ.ಮೀ. ಬೆಳೆಯುತ್ತದೆ. ಎರಡನೇ ವರ್ಷ ಸುಮಾರು 12 ಸೆಂ.ಮೀ. ಆಮೇಲೆ ವರ್ಷಕ್ಕೆ ಆರೇಳು ಸೆಂ.ಮೀ. ಅಷ್ಟೇ. ಅಂದರೆ ಮೊದಲ ವರ್ಷದ ಬಟ್ಟೆ ಹರಿಯುವುದಿಲ್ಲ, ಬರೀ ಚಿಕ್ಕದಾಗುತ್ತದೆ. ಅದನ್ನು ಹೊಸದಾಗಿ ಕೊಳ್ಳುವುದಕ್ಕೆ ಅರ್ಥವೇ ಇಲ್ಲ. ನೆಂಟರು, ನೆರೆಯವರು, ಗೆಳೆಯರು ಯಾರು ಕೊಟ್ಟರೂ ತೆಗೆದುಕೊಳ್ಳಿ. ಮೂರು ವರ್ಷ ದಾಟಿದ ಮೇಲೆ ಬಟ್ಟೆ ಚಿಕ್ಕದಾಗುವುದಕ್ಕಿಂತ ಮೊದಲು ಸವೆಯುತ್ತದೆ. ಆಗ ಒಳ್ಳೆಯ ಗಟ್ಟಿ ಬಟ್ಟೆಗೆ ದುಡ್ಡು ಹಾಕಬಹುದು.

ಮೂರು ಚೀಲ ಇಟ್ಟುಕೊಳ್ಳಿ: ಮುಂದಿನ ಅಳತೆಯದು, ಚಿಕ್ಕದಾದದ್ದು, ರಿಪೇರಿಯದು. ಮೇಲೆ ಅಳತೆ ದಪ್ಪಕ್ಷರದಲ್ಲಿ ಬರೆದಿರಿ. ಬಟ್ಟೆ ಬಿಗಿಯಾಯಿತು ಅನ್ನಿಸಿದ ದಿನವೇ ಬಿಚ್ಚಿ ಎರಡನೇ ಚೀಲಕ್ಕೆ ಹಾಕಿ. ಒಗೆದು ಮಡಿಚಿ ಮತ್ತೆ ಕಪಾಟಿಗೆ ಹೋದರೆ ಅದು ಅಲ್ಲೇ ಕೂತು, ಬೆಳಗ್ಗೆ ಹೊರಡುವ ಹೊತ್ತಿಗೆ ಕೈಗೆ ಬಂದು ಕಾಡುತ್ತದೆ.

ಪ್ಯಾಂಟಿನ ಮೊಣಕಾಲು ಹರಿಯುವುದು ಖಂಡಿತ, ಆದ್ದರಿಂದ ಹರಿಯುವ ಮೊದಲೇ ತೇಪೆ ಹಾಕಿ. ಹಳೆಯ ಗಟ್ಟಿ ಬಟ್ಟೆಯಿಂದ ಅಂಗೈ ಅಗಲದ ತುಂಡು ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ. ಚೂಪು ಮೂಲೆ ಬೇಗ ಕಿತ್ತುಬರುತ್ತದೆ. ಪ್ಯಾಂಟನ್ನು ಒಳಮುಖ ಮಾಡಿ, ಕಾಲಿನ ಕೊಳವೆಯೊಳಗೆ ಒಂದು ತೆಳು ರಟ್ಟಿನ ಪುಸ್ತಕ ತೂರಿಸಿ. ಆಗ ಸೂಜಿ ಎರಡೂ ಪದರಕ್ಕೆ ಹೋಗಿ ಕಾಲೇ ಮುಚ್ಚಿಹೋಗುವ ಭಯ ಇಲ್ಲ. ತುಂಡಿನ ಸುತ್ತ ಒಂದು ಸುತ್ತು ಸಣ್ಣ ಹೊಲಿಗೆ, ಮಧ್ಯೆ ಅಡ್ಡಡ್ಡ ಮೂರು ನಾಲ್ಕು ಸಾಲು. ಹೊರಗೆ ಚುಕ್ಕಿಯಂತೆ ದಾರ ಕಾಣುತ್ತದೆ, ಅಷ್ಟೇ. ಬಣ್ಣದ ದಾರ ಹಾಕಿದರೆ ಮಗುವಿಗೆ ಅದೇ ಖುಷಿ.

ಫ್ರಾಕು, ಪ್ಯಾಂಟು ಉದ್ದ ಇದ್ದರೆ ಕತ್ತರಿಸಬೇಡಿ. ಒಳಕ್ಕೆ ಮಡಿಚಿ ಸಡಿಲ ಹೊಲಿಗೆ ಹಾಕಿ, ಬೆಳೆದಂತೆ ಬಿಚ್ಚಿ.

ಚಪ್ಪಲಿ, ಶೂ ಮಾತ್ರ ತೀರಾ ಸವೆದದ್ದನ್ನು ಇನ್ನೊಂದು ಮಗುವಿಗೆ ಹಾಕಬೇಡಿ. ಅದು ಮೊದಲಿನ ಮಗುವಿನ ಕಾಲಿನ ಆಕಾರಕ್ಕೆ ಬಂದಿರುತ್ತದೆ.

ಹೆಜ್ಜೆ 4: ಡಯಾಪರ್

ಹುಟ್ಟಿದ ಹೊಸತರಲ್ಲಿ ದಿನಕ್ಕೆ 8ರಿಂದ 12 ಡಯಾಪರ್ ಬದಲಿಸಬೇಕಾಗುತ್ತದೆ. ಬಟ್ಟೆಯದು ಬಳಸುವುದಾದರೆ ಲೆಕ್ಕ ಸರಳ: ದಿನಕ್ಕೆ 10 ಅಂತ ಇಟ್ಟುಕೊಂಡು ದಿನ ಬಿಟ್ಟು ದಿನ ಒಗೆದರೆ 20, ಒಣಗುವುದಕ್ಕೆ ಇನ್ನೊಂದು ಐದಾರು. ಅದಕ್ಕಿಂತ ಜಾಸ್ತಿ ಬೇಡ.

ಮೊದಲು ತಣ್ಣೀರಲ್ಲಿ ಜಾಲಿಸಿ. ಬಿಸಿನೀರು ಮೊದಲೇ ಬಿದ್ದರೆ ಕಲೆ ಕಚ್ಚಿಕೊಳ್ಳುತ್ತದೆ. ಆಮೇಲೆ 60 ಡಿಗ್ರಿ ಬಿಸಿಯಲ್ಲಿ ಸೋಪಿನ ಪುಡಿ ಹಾಕಿ ಒಗೆಯಿರಿ. ಬಟ್ಟೆ ಮೆತ್ತಗೆ ಮಾಡುವ ದ್ರಾವಣ ಹಾಕಬೇಡಿ. ಅದು ಎಳೆಗಳ ಮೇಲೆ ಪದರ ಕಟ್ಟಿ ಬಟ್ಟೆ ನೀರು ಹೀರದಂತೆ ಮಾಡುತ್ತದೆ. ಬಿಸಿಲಲ್ಲಿ ಒಣಗಿಸಿದರೆ ಉಳಿದ ಕಲೆಯೂ ಮಾಸುತ್ತದೆ. ಬಟ್ಟೆಯ ಡಯಾಪರ್ ಪರಿಸರಕ್ಕೆ ಒಳ್ಳೆಯದು ಅನ್ನುವುದು ಒಗೆಯುವ ರೀತಿಯ ಮೇಲೆ ನಿಂತಿದೆ ಅಂತ ಬ್ರಿಟನ್ನಿನ ಪರಿಸರ ಸಂಸ್ಥೆಯ 2008ರ ವರದಿ ತೋರಿಸಿತು. ಮೆಷಿನ್ ತುಂಬ ಹಾಕಿ, ಗಾಳಿಗೆ ಒಣಗಿಸಿ, ಎರಡನೇ ಮಗುವಿಗೂ ಬಳಸಿದರೆ ಲಾಭ. ಡ್ರೈಯರ್‌ನಲ್ಲಿ ಒಣಗಿಸಿದರೆ ಆ ಲಾಭ ಕರಗುತ್ತದೆ.

ರಾತ್ರಿಗೆ, ಪ್ರಯಾಣಕ್ಕೆ ಬಿಸಾಡುವ ಡಯಾಪರ್ ಬಳಸಿದರೆ ಯಾವ ಅಪರಾಧವೂ ಇಲ್ಲ. ನಿಮ್ಮ ನಿದ್ದೆಗೂ ಬೆಲೆ ಇದೆ ಅಲ್ವಾ?

ಒರೆಸಲು ಹಳೆಯ ಹತ್ತಿ ಬಟ್ಟೆಯನ್ನು ಕೈವಸ್ತ್ರದಷ್ಟು ಕತ್ತರಿಸಿ ಒಂದು ಕಟ್ಟು ಇಟ್ಟುಕೊಳ್ಳಿ. ಉಗುರುಬೆಚ್ಚಗಿನ ನೀರು ಸಾಕು.

ಹೆಜ್ಜೆ 5: ಆಟಿಕೆ

ಇದ್ದ ಆಟಿಕೆಯಲ್ಲಿ ಮುಕ್ಕಾಲು ಪಾಲು ಎತ್ತಿಡಿ. 2018ರಲ್ಲಿ ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು ಒಂದೂವರೆಯಿಂದ ಎರಡೂವರೆ ವರ್ಷದ ಮಕ್ಕಳಿಗೆ ಒಮ್ಮೆ 4 ಆಟಿಕೆ, ಇನ್ನೊಮ್ಮೆ 16 ಆಟಿಕೆ ಕೊಟ್ಟು ನೋಡಿದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು, ಬೇರೆ ಬೇರೆ ರೀತಿಯಲ್ಲಿ ಆಡಿದರು. ಎತ್ತಿಟ್ಟದ್ದನ್ನು ಎರಡು ಮೂರು ವಾರಕ್ಕೊಮ್ಮೆ ಬದಲಿಸಿದರೆ ಮಗುವಿಗೆ ಅದು ಹೊಸದೇ. ನೆಲ ಗುಡಿಸುವುದೂ ಸುಲಭ.

ಮನೆಯಲ್ಲೇ ಮಾಡುವ ಆಟಿಕೆಗಳಲ್ಲಿ ನನ್ನ ಮಟ್ಟಿಗೆ ಆಡುವ ಹಿಟ್ಟನ್ನು ಮೀರಿಸಿದ್ದು ಇಲ್ಲ. ಒಂದು ಕಪ್ ಮೈದಾ, ಅರ್ಧ ಕಪ್ ಉಪ್ಪು, ಒಂದು ಕಪ್ ನೀರು, ಒಂದು ದೊಡ್ಡ ಚಮಚ ಎಣ್ಣೆ, ಒಂದು ದೊಡ್ಡ ಚಮಚ ನಿಂಬೆರಸ. ಎಲ್ಲ ಒಂದೇ ಪಾತ್ರೆಗೆ ಹಾಕಿ ಗಂಟಿಲ್ಲದಂತೆ ಕಲಸಿ, ಬಣ್ಣ ಬೇಕಿದ್ದರೆ ಅಡುಗೆಗೆ ಬಳಸುವ ಬಣ್ಣ ಎರಡು ಹನಿ. ಸಣ್ಣ ಉರಿಯಲ್ಲಿ ಕೈಬಿಡದೆ ತಿರುಗಿಸಿ. ಮೊದಲು ಏನೂ ಆಗುವುದಿಲ್ಲ, ಹಾಳಾಯಿತೇನೋ ಅನ್ನಿಸುತ್ತದೆ. ಆಮೇಲೆ ತಳದಿಂದ ಗಟ್ಟಿಯಾಗುತ್ತಾ ಬಂದು ಇದ್ದಕ್ಕಿದ್ದಂತೆ ಒಂದೇ ಮುದ್ದೆಯಾಗಿ ಪಾತ್ರೆ ಬಿಡುತ್ತದೆ. ಅಷ್ಟಾದರೆ ಇಳಿಸಿ. ಮುಟ್ಟುವಷ್ಟು ಆರಿದ ಮೇಲೆ ಎರಡು ನಿಮಿಷ ಚೆನ್ನಾಗಿ ನಾದಿ. ಅಂಟಿದರೆ ಒಂದು ಚಿಟಿಕೆ ಮೈದಾ, ಬಿರುಕು ಬಿಟ್ಟರೆ ಒಂದು ಹನಿ ನೀರು. ಮುಚ್ಚಳ ಬಿಗಿಯಾದ ಡಬ್ಬದಲ್ಲಿಟ್ಟರೆ ಕೆಲವು ವಾರ ಬರುತ್ತದೆ. ವಾಸನೆ ಬಂದರೆ, ಬೂಷ್ಟು ಕಂಡರೆ ಎಸೆಯಿರಿ.

ಉಪ್ಪು ಜಾಸ್ತಿ ಇರುವುದರಿಂದ ಮಗು ಇದನ್ನು ತಿನ್ನಬಾರದು. ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವ ವಯಸ್ಸಾದರೆ ಇನ್ನೂ ಸ್ವಲ್ಪ ಕಾಯಿರಿ. ಆಡುವಾಗ ಪಕ್ಕದಲ್ಲೇ ಇರಿ. ನಾಯಿ ಇರುವ ಮನೆಯಾದರೆ ಅದಕ್ಕೂ ಸಿಗದಂತೆ ಇಡಿ.

ರಟ್ಟಿನ ಪೆಟ್ಟಿಗೆ, ಮುಚ್ಚಳದ ಡಬ್ಬಗಳು, ಒಂದು ಹಳೆ ಬೆಡ್‌ಶೀಟ್ ಇಷ್ಟಿದ್ದರೆ ಮನೆ, ಬಸ್ಸು, ಅಂಗಡಿ ಎಲ್ಲ ಆಗುತ್ತದೆ. ಹೇಗೆ ಆಡಬೇಕು ಅಂತ ನಾವು ಹೇಳಿಕೊಡಬೇಕಾಗಿಲ್ಲ, ಸುಮ್ನೆ ಕೊಟ್ಟು ದೂರ ಕೂತರೆ ಸಾಕು.

ಹೆಜ್ಜೆ 6: ಸ್ವಚ್ಛತೆ

ಕೋಣೆಗೊಂದು, ಸಿಂಕಿಗೊಂದು, ಗಾಜಿಗೊಂದು ಅಂತ ಬಾಟಲಿಗಳ ಸಾಲು ಬೇಡ. ಪಾತ್ರೆಯ ಸೋಪಿನ ನೀರು, ಅಡುಗೆ ಸೋಡಾ, ನೀರು ಬೆರೆಸಿದ ವಿನೆಗರ್ ಇವು ಮನೆಯ ಹೆಚ್ಚಿನ ಕೆಲಸಕ್ಕೆ ಸಾಕು. ಸೋಡಾ ಮತ್ತು ವಿನೆಗರ್ ಬೆರೆಸಿ ನೊರೆ ಬರಿಸುವ ವಿಡಿಯೋಗಳನ್ನು ನಂಬಬೇಡಿ. ಎರಡೂ ಒಂದನ್ನೊಂದು ಕೆಡಿಸಿ ಕೊನೆಗೆ ಉಳಿಯುವುದು ಬಹುಪಾಲು ಉಪ್ಪುನೀರು. ನೊರೆ ನೋಡಲು ಚೆಂದ, ಅಷ್ಟೇ. ಬ್ಲೀಚ್ ಇದ್ದರೆ ಅದಕ್ಕೆ ವಿನೆಗರ್ ಆಗಲಿ, ಅಮೋನಿಯಾ ಇರುವ ದ್ರಾವಣವಾಗಲಿ ಯಾವತ್ತೂ ಬೆರೆಸಬೇಡಿ. ವಿಷಗಾಳಿ ಹುಟ್ಟುತ್ತದೆ.

ದೊಡ್ಡ ಡಬ್ಬದಿಂದ ತಂದು ಹಳೆ ಜ್ಯೂಸ್ ಬಾಟಲಿಗೆ ತುಂಬಿಡುವ ಅಭ್ಯಾಸ ಮಕ್ಕಳಿರುವ ಮನೆಯಲ್ಲಿ ಬೇಡವೇ ಬೇಡ. ಓದಲು ಬಾರದ ಮಗುವಿಗೆ ಬಾಟಲಿಯ ಆಕಾರವೇ ಲೇಬಲ್. ಜ್ಯೂಸ್ ಬಾಟಲಿ ಕಂಡರೆ ಜ್ಯೂಸ್ ಅಂತಲೇ ಕುಡಿಯುತ್ತದೆ. ಬಂದ ಡಬ್ಬದಲ್ಲೇ, ಕೈಗೆ ಎಟುಕದ ಎತ್ತರದಲ್ಲಿ ಇಡಿ.

ನೀರು ಉಳಿಸಲು ಬಕೆಟ್ಟಿನಲ್ಲಿ ಹಿಡಿದಿಡುವುದು ಒಳ್ಳೆಯದೇ, ಆದರೆ ಮುಚ್ಚಳ ಇರಲಿ, ಬಚ್ಚಲಿನ ಬಾಗಿಲು ಹಾಕಿರಲಿ. ಕೆಲವೇ ಅಂಗುಲ ನೀರಿದ್ದರೂ ತಲೆಕೆಳಗಾಗಿ ಬಿದ್ದ ಅಂಬೆಗಾಲಿನ ಕೂಸು ತಾನಾಗಿ ಮೇಲೇಳಲಾರದು.

ಹೆಜ್ಜೆ 7: ಮಕ್ಕಳ ಕೈಗೆ ಕೆಲಸ

ಎರಡು ವರ್ಷದ ಮಗು ಕೊಳೆ ಬಟ್ಟೆಯನ್ನು ಬುಟ್ಟಿಗೆ ಹಾಕಬಲ್ಲದು. ಮೂರರ ಮಗು ಕಾಲುಚೀಲ ಜೋಡಿ ಮಾಡಬಲ್ಲದು. ನಾಲ್ಕರ ಮಗು ಒಡೆಯದ ತಟ್ಟೆ, ಲೋಟ ಇಟ್ಟು ಊಟಕ್ಕೆ ಸಜ್ಜು ಮಾಡಬಲ್ಲದು. ಮೊದಮೊದಲು ಕೆಲಸ ಎರಡು ಪಟ್ಟಾಗುತ್ತದೆ. ನೀವು ಸರಿಮಾಡುವುದನ್ನು ಮಗು ನೋಡದಿದ್ದರೆ ಸಾಕು. ಕೊಕ್ಕೆಗಳನ್ನು ಮಗುವಿನ ಭುಜದ ಎತ್ತರಕ್ಕೆ ಹೊಡೆಸಿ. ಚೀಲ, ಟೋಪಿ, ಮೇಲಂಗಿ ಅಲ್ಲೇ ತೂಗುಬಿಟ್ಟರೆ ‘ಸಿಗಲಿಲ್ಲ’ ಅನ್ನುವ ಕಾರಣಗಳಲ್ಲಿ ಅರ್ಧ ಅಲ್ಲಿಗೇ ಮುಗಿಯುತ್ತದೆ.

ಹೆಜ್ಜೆ 8: ರಾತ್ರಿ ಹತ್ತು ನಿಮಿಷ

ಮಕ್ಕಳು ಮಲಗಿದ ಮೇಲೆ ಮನೆ ಪೂರ್ತಿ ಒಪ್ಪ ಮಾಡಲು ಹೋಗಬೇಡಿ. ಮೂರೇ ಕೆಲಸ ಮಾಡಿ: ನಾಳೆಯ ಬಟ್ಟೆ ತೆಗೆದಿಡುವುದು, ನಾಳೆ ಬೆಳಗ್ಗೆಗೆ ಏನು ಅಂತ ತೀರ್ಮಾನಿಸಿ ನೆನೆಸುವುದಿದ್ದರೆ ನೆನೆಸುವುದು, ಸಿಂಕು ಖಾಲಿ ಮಾಡುವುದು. ಇಬ್ಬರಿದ್ದರೆ ಹಂಚಿಕೊಳ್ಳಿ, ಒಬ್ಬರೇ ಆದರೆ ಸಿಂಕನ್ನು ಬಿಡಿ.

ಹೊರಗೆ ಹೋಗುವ ಚೀಲವನ್ನು ಮನೆಗೆ ಬಂದ ಕೂಡಲೇ ತುಂಬಿಸಿಡಿ, ಹೊರಡುವಾಗ ಅಲ್ಲ. ನೀರು, ಒಂದು ಜೊತೆ ಬಟ್ಟೆ, ಒರೆಸುವ ಬಟ್ಟೆ, ಕೆಡದ ತಿಂಡಿ. ದ್ರಾಕ್ಷಿ ಹಾಕುವುದಾದರೆ ಹೊರಡುವ ಮುಂಚೆ ಉದ್ದುದ್ದಕ್ಕೆ ನಾಲ್ಕು ಹೋಳು ಮಾಡಿ. 5 ವರ್ಷದೊಳಗಿನವರಿಗೆ ಇಡೀ ಕಡಲೆಕಾಯಿ ಬೀಜ, ಬಾದಾಮಿ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಬೇರೆಯವರು ಬಳಸಿದ್ದನ್ನು ತರುವ ಮೊದಲು

ಪುಸ್ತಕ, ಬಟ್ಟೆ, ಕಟ್ಟಿಗೆಯ ಆಟಿಕೆ, ಮೇಜು, ಕುರ್ಚಿ ಕಣ್ಣು ಮುಚ್ಚಿ ತರಬಹುದು ಅಂತ ಹೇಳಬೇಕೆಂದಿದ್ದೆ, ಆದರೆ ಒಂದು ಕಣ್ಣು ತೆರೆದಿರಲಿ. ತುಂಬ ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ, ಸಿಪ್ಪೆ ಏಳುತ್ತಿದ್ದರೆ ಬೇಡ ಅನ್ನಿ. ತೊಟ್ಟಿಲು, ಮಂಚದ ಕಂಬಿಗಳ ನಡುವೆ 6 ಸೆಂ.ಮೀ.ಗಿಂತ ಹೆಚ್ಚು ಸಂದು ಇರಬಾರದು, ಕೂಸಿನ ಮೈ ತೂರಿ ತಲೆ ಸಿಕ್ಕಿಕೊಳ್ಳುತ್ತದೆ. ಕಾರಿನ ಮಕ್ಕಳ ಸೀಟು ಅಪಘಾತ ಕಂಡಿದೆಯೋ ಇಲ್ಲವೋ ಅಂತ ಖಚಿತವಾಗಿ ಹೇಳುವವರಿಂದ ಮಾತ್ರ ತನ್ನಿ. ಬಿರುಕು ಹೊರಗೆ ಕಾಣದಿರಬಹುದು. ಸದ್ದು ಮಾಡುವ, ದೀಪ ಮಿಣುಕುವ ಆಟಿಕೆಗಳಲ್ಲಿ ಬಟನ್ ಬ್ಯಾಟರಿ ಇರುತ್ತದೆ. ಅದರ ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ ಬೇಡ. ಮಗು ಅದನ್ನು ನುಂಗಿದರೆ 2 ಗಂಟೆಯೊಳಗೆ ಅನ್ನನಾಳ ಸುಟ್ಟುಹೋಗಬಹುದು. ನುಂಗಿದೆ ಅನ್ನುವ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಬೇಕು.

ಔಷಧಿಯನ್ನು ಅಡುಗೆಮನೆಯ ಚಮಚದಲ್ಲಿ ಅಳೆಯಬೇಡಿ. ಒಂದೊಂದು ಚಮಚವೂ ಒಂದೊಂದು ಅಳತೆ. ಬಾಟಲಿಯ ಜೊತೆ ಬಂದ ಪುಟ್ಟ ಕಪ್ಪು ಅಥವಾ ಸಿರಿಂಜನ್ನು ತೊಳೆದು, ಒಣಗಿಸಿ, ಅದೇ ಬಾಟಲಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಡಿ. ಮಧ್ಯರಾತ್ರಿ ಜ್ವರ ಬಂದಾಗ ಹುಡುಕುವ ಕೆಲಸ ಇರುವುದಿಲ್ಲ.